ನಡುತೂಬಿನ ಎರಡು ಪಾಲು

ತೊಣ್ಣೂರಿನಿಂದ ಪಾಂಡವಪುರಕ್ಕೆ ಹೋಗುವ ದಾರಿಯಲ್ಲಿ ಎಡಕ್ಕೆ ತಿರುಗಿದರೆ ಹೊಸಕಟ್ಟೆ. ಊರಲ್ಲಿ ಮೊದಲು ಸಿಗುವುದು ಮಂಜುನಾಥಾಚಾರಿಯ ಮರಗೆಲಸದ ಕೊಟ್ಟಿಗೆ. ಅಲ್ಲಿ ಗರಗಸದ ಸದ್ದಿಗಿಂತ ಮೌನವೇ ಹೆಚ್ಚು. ಮಂಜುನಾಥ ಕೊಯ್ಯುವುದು ಕಡಿಮೆ, ಅಳೆಯುವುದು ಜಾಸ್ತಿ. ಒಂದು ಸಲ ಅಳೆದು ಹಲಗೆಯ ಮೇಲೆ ಪೆನ್ಸಿಲಿನಲ್ಲಿ ಬರೆಯುತ್ತಾನೆ, ಆಚೆ ಹೋಗಿ ನೀರು ಕುಡಿದು ಬರುತ್ತಾನೆ, ಬರೆದದ್ದನ್ನು ಕೈಯಲ್ಲಿ ಮುಚ್ಚಿಕೊಂಡು ಮತ್ತೆ ಅಳೆಯುತ್ತಾನೆ. ಎರಡೂ ಒಂದೇ ಆದರೆ ಮಾತ್ರ ಗರಗಸ.

ಹತ್ತನೇ ತರಗತಿಯಲ್ಲಿ ಅವನು ಗಣಿತದಲ್ಲಿ ಮೂರು ಅಂಕ ಕಡಿಮೆಯಾಗಿ ಫೇಲಾದವನು. ಮತ್ತೆ ಕಟ್ಟಲಿಲ್ಲ, ಅಪ್ಪ ಕಾಳಾಚಾರಿಯ ಪಕ್ಕದಲ್ಲಿ ಕೂತು ಉಳಿ ಹಿಡಿದ. ಈಗ ಐವತ್ನಾಲ್ಕು ವರ್ಷ. ಕೃಷ್ಣರಾಜಪೇಟೆ, ಶ್ರೀರಂಗಪಟ್ಟಣದ ಕಡೆಯಿಂದಲೂ ಬಾಗಿಲು ಕಿಟಕಿಗೆ ಜನ ಹುಡುಕಿಕೊಂಡು ಬರುತ್ತಾರೆ. ಅವನ ಬಗ್ಗೆ ಊರಲ್ಲಿ ಹೇಳುವ ಒಂದು ಸಂಗತಿ ಇದೆ. ಮಾಕವಳ್ಳಿಯ ಒಂದು ಮನೆಗೆ ಬಾಗಿಲು ಕೂರಿಸಿ ಬಂದ ವಾರದ ಮೇಲೆ ತನ್ನ ಅಳತೆಕೋಲಿನ ತುದಿ ಸವೆದಿರುವುದು ಅವನ ಕಣ್ಣಿಗೆ ಬಿತ್ತು. ಹಾಗಾದರೆ ಆ ಬಾಗಿಲು ಎರಡು ನೂಲು ಕಡಿಮೆ ಇರಬೇಕು. ಇಂಚಿನ ಎಂಟನೇ ಒಂದು ಭಾಗಕ್ಕೆ ಬಡಗಿಗಳು ನೂಲು ಎನ್ನುತ್ತಾರೆ. ಮನೆಯವರಿಗೆ ಅದು ಗೊತ್ತೂ ಆಗಿರಲಿಲ್ಲ. ಮಂಜುನಾಥ ಮೊದಲ ಬಸ್ಸು ಹತ್ತಿ ಹೋಗಿ, ಬಾಗಿಲು ಕಳಚಿ, ಪಟ್ಟಿ ಕೂಡಿಸಿ, ಸರಿಮಾಡಿ ಬಂದ.

ಅವನ ಹತಾರದ ಪೆಟ್ಟಿಗೆಯಲ್ಲಿ ಉಳಿ, ಬಾಚಿ, ಉಜ್ಜುಗೊರಡಿನ ಜೊತೆಗೆ ಬೀಟೆ ಮರದ ಒಂದು ಪುಟ್ಟ ಡಬ್ಬಿ ಇದೆ. ಅದರೊಳಗೆ ಹಳೆಯ ಕಾಲದ ದಪ್ಪ ಒಂದು ರೂಪಾಯಿ. ಒಂದು ಮುಖದಲ್ಲಿ ಸಿಂಹ, ಇನ್ನೊಂದರಲ್ಲಿ ಅಂಕಿ. ಅದು ಅವನದಲ್ಲ, ಕೆರೆಯದು.

ಹೊಸಕಟ್ಟೆ ಕೆರೆಗೆ ಮೂರು ತೂಬುಗಳಿವೆ: ಮೇಲ್ತೂಬು, ನಡುತೂಬು, ಕೋಡಿತೂಬು. ಶ್ರಾವಣದಲ್ಲಿ ಕೆರೆ ತುಂಬಿದಾಗ ಮೂರನ್ನೂ ಒಟ್ಟಿಗೆ ತೆಗೆದರೆ ಯಾವ ಗದ್ದೆಗೂ ಸರಿಯಾಗಿ ನೀರು ಹತ್ತುವುದಿಲ್ಲ. ಆದ್ದರಿಂದ ಎಂಟೆಂಟು ದಿನದ ಸರದಿ. ಮೊದಲು ನೀರು ಸಿಕ್ಕವರ ನಾಟಿ ಮೊದಲು. ಆಳುಗಳೂ ಅವರಿಗೇ ಮೊದಲು. ಕೊನೆಯವರ ಪೈರು ಹೂವಾಗುವ ಹೊತ್ತಿಗೆ ಚಳಿ ಹಿಡಿದು ಜೊಳ್ಳು ಜಾಸ್ತಿಯಾಗುತ್ತದೆ. ಯಾರು ಮೊದಲು ಎಂದು ಪ್ರತಿ ವರ್ಷ ಬಡಿದಾಟವಾಗುತ್ತಿದ್ದ ಕಾಲದಲ್ಲಿ ಮಂಜುನಾಥನ ಅಜ್ಜನನ್ನು ಕರೆದು ಏರಿಯ ಮೇಲೆ ನಾಣ್ಯ ಕೊಟ್ಟರಂತೆ. ಆಚಾರಿ ಮನೆಗೆ ಕೆರೆ ಕೆಳಗೆ ಒಂದು ಗೇಣು ಗದ್ದೆಯೂ ಇಲ್ಲ, ಪಕ್ಷಪಾತಕ್ಕೆ ಕಾರಣವೇ ಇಲ್ಲ ಎನ್ನುವುದು ಲೆಕ್ಕ.

ಕ್ರಮ ಹೀಗೆ. ಹಲಸಿನ ಮಣೆಯ ಮೇಲೆ ನಾಣ್ಯವನ್ನು ಎರಡು ಸಲ ಎಸೆಯಬೇಕು. ಎರಡೂ ಸಿಂಹ ಬಂದರೆ ಮೇಲ್ತೂಬು ಮೊದಲು. ಎರಡೂ ಅಂಕಿ ಬಂದರೆ ಕೋಡಿತೂಬು. ಒಂದು ಸಿಂಹ ಒಂದು ಅಂಕಿ ಬಂದರೆ ನಡುತೂಬು. ಉಳಿದ ಎರಡರಲ್ಲಿ ಯಾರು ಮುಂದು ಎನ್ನುವುದಕ್ಕೆ ಇನ್ನೊಂದು ಎಸೆತ. ಸುಗ್ಗಿಯಲ್ಲಿ ಮೂರೂ ತೂಬಿನವರು ಆಚಾರಿ ಮನೆಗೆ ಒಂದೊಂದು ಹೊರೆ ಭತ್ತ ತಂದು ಹಾಕುತ್ತಾರೆ. ಅಜ್ಜ ಎಸೆದ, ಅಪ್ಪ ಎಸೆದ, ಇಪ್ಪತ್ತೆಂಟು ಸಲ ಮಂಜುನಾಥ ಎಸೆದ. ಪ್ರತಿ ಸಲವೂ ಬಂದದ್ದನ್ನು ಕೊಟ್ಟಿಗೆಯ ಬಾಗಿಲಿನ ಒಳಮೈಯಲ್ಲಿ ತೂಬಿಗೊಂದರಂತೆ ಮೂರು ಮನೆ ಗೀಚಿ ಬರೆದಿಟ್ಟಿದ್ದಾನೆ.

ಆ ಇಪ್ಪತ್ತೆಂಟನೆಯ ಸಲವೇ ಗಲಾಟೆಯಾದದ್ದು.

ಶ್ರಾವಣದ ಮೊದಲ ಸೋಮವಾರ. ಏರಿಯ ಮೇಲೆ ಜನ ಸೇರಿದ್ದರು. ಮೊದಲ ಎಸೆತ ಅಂಕಿ. ಎರಡನೆಯದು ಸಿಂಹ. ನಡುತೂಬಿನವರು ಕೇಕೆ ಹಾಕಿದರು. ಕೋಡಿತೂಬಿನ ಹೊನ್ನಪ್ಪ ಟವೆಲ್ಲು ಕೊಡವಿ ಎದ್ದ. ಅವನದು ಮೂರು ಎಕರೆ ಗದ್ದೆ, ನಾಲ್ಕು ಎಮ್ಮೆ, ಏರು ದನಿ.

"ನಾಲ್ಕನೇ ವರ್ಸ ಕಣ್ಲಾ ಇದು! ಸತತ ನಾಲ್ಕು ವರ್ಸದಿಂದ ನಡುತೂಬೇ ಮುಂದು. ಎಸೆಯೋ ಕೈಲೇ ಏನೋ ಐತೆ."

"ತೂಬಮ್ಮ ಕೊಟ್ಟಿದ್ದು ಕಣೋ ಹೊನ್ನಪ್ಪ, ನೀನ್ಯಾಕ್ ಒಟ್ಟೆ ಉರ್ಕೋತೀಯ?" ಎಂದ ನಡುತೂಬಿನ ಕರಿಯಪ್ಪ.

"ತೂಬಮ್ಮ ಕೊಟ್ಟಿದ್ದೋ, ತೇಗದ್ ಬಾಕ್ಲು ಕೊಟ್ಟಿದ್ದೋ?"

ಜನ ಮಂಜುನಾಥನ ಕಡೆ ತಿರುಗಿದರು. ಕರಿಯಪ್ಪ ಹೊಸ ಮನೆ ಕಟ್ಟಿಸುತ್ತಿದ್ದ. ಅದರ ಏಳು ತೇಗದ ಬಾಗಿಲುಗಳ ಕೆಲಸ ಮಂಜುನಾಥನ ಕೊಟ್ಟಿಗೆಯಲ್ಲೇ ನಡೆದಿತ್ತು. ಊರಿಗೆಲ್ಲ ಗೊತ್ತಿದ್ದ ವಿಷಯವೇ. ಆದರೆ ಆ ಬಾಗಿಲನ್ನೂ ಈ ನಾಣ್ಯವನ್ನೂ ಒಟ್ಟಿಗೆ ಹೊಲಿದು ಯಾರೂ ಆಡಿರಲಿಲ್ಲ.

ಮಂಜುನಾಥ ಹಲಸಿನ ಮಣೆಯ ಮೇಲಿದ್ದ ನಾಣ್ಯವನ್ನು ಎತ್ತಿ ಡಬ್ಬಿಗೆ ಹಾಕಿದ.

ನೀರು ಬಳಕೆದಾರರ ಸಂಘದ ಅಧ್ಯಕ್ಷೆ ಮೇಲ್ತೂಬಿನ ಚಿಕ್ಕಬೋರಮ್ಮ. ಎಪ್ಪತ್ತು ದಾಟಿದ ಹೆಂಗಸು. ಎಲೆಅಡಿಕೆ ಉಗಿದು ಬಂದು ತೀರ್ಪು ಕೊಟ್ಟಳು. "ಇಬ್ರೂವೆ ಬಾಯ್ ಮುಚ್ಕಳಿ. ಇವತ್ತು ಯಾವ್ ತೂಬೂ ತೆಗೆಯಂಗಿಲ್ಲ. ಮುಂದಿನ್ ಸೋಮ್ವಾರ ಸೇರಾನ. ಆಚಾರಿ, ನಿನ್ ಕೈ ನೆಟ್ಟಗೈತೆ ಅಂತ ನೀನೇ ತೋರ್ಸು. ಇಲ್ದೋದ್ರೆ ಕಾಸು ಬೇರೆಯೋರ್ ಕೈಗೆ ಓಯ್ತದೆ. ಅಷ್ಟೆಯ."

ಬಾಗಿಲು ನೆಟ್ಟಗಿದೆ ಎಂದು ತೋರಿಸಲು ತೂಗುಗುಂಡು ಇದೆ. ಕೈ ನೆಟ್ಟಗಿದೆ ಎಂದು ತೋರಿಸುವುದು ಯಾವುದರಿಂದ? ಮನೆಗೆ ಬಂದ ಮಂಜುನಾಥ ಆ ದಿನ ಉಳಿ ಮುಟ್ಟಲಿಲ್ಲ. ಮೂರು ತಲೆಮಾರು ಒಂದು ಮಾತೂ ಬಾರದ ಹಾಗೆ ಇಟ್ಟುಕೊಂಡಿದ್ದ ಡಬ್ಬಿಯನ್ನು ತನ್ನ ಕಾಲದಲ್ಲಿ ಕಿತ್ತುಕೊಂಡರು ಎಂದಾದರೆ, ಆಮೇಲೆ ಅಳತೆಕೋಲು ಹಿಡಿದು ಯಾರ ಮನೆ ಹೊಸ್ತಿಲು ತುಳಿಯುವುದು?

ಮಾರನೆಯ ಬೆಳಿಗ್ಗೆ ಎದ್ದವನು ತನಗೆ ಗೊತ್ತಿದ್ದ ಒಂದೇ ದಾರಿ ಹಿಡಿದ. ಅಳೆಯುವುದು.

ಮೊದಲು ನಾಣ್ಯವನ್ನು ಗಾಜಿನ ಮೇಲಿಟ್ಟು ಬಾಗಿದೆಯೇ ಎಂದು ನೋಡಿದ, ಬಾಗಿರಲಿಲ್ಲ. ಆಮೇಲೆ ಒಂದು ತೇಗದ ಹಲಗೆಯನ್ನು ಉಜ್ಜಿ ನಯಮಾಡಿ, ನಾಲ್ಕು ಮನೆ ಗೀಚಿಕೊಂಡ. ಏರಿಯ ಮೇಲೆ ಮಾಡುವಂತೆಯೇ ಎರಡೆರಡು ಸಲ ಎಸೆದು, ಬಂದದ್ದನ್ನು ಬಂದ ಕ್ರಮದಲ್ಲೇ ಗೀಟು ಹಾಕತೊಡಗಿದ. ಸಿಂಹ-ಸಿಂಹ ಒಂದು ಮನೆ. ಸಿಂಹ-ಅಂಕಿ ಒಂದು. ಅಂಕಿ-ಸಿಂಹ ಒಂದು. ಅಂಕಿ-ಅಂಕಿ ಒಂದು. ಒಂದು ಸಿಂಹ ಒಂದು ಅಂಕಿ ಬಂದದ್ದನ್ನು ಒಂದೇ ಮನೆಗೆ ಹಾಕಿದ್ದರೂ ಅವನ ಕೆಲಸಕ್ಕೆ ಸಾಕಿತ್ತು. ಆದರೆ ಕಂಡದ್ದನ್ನು ಕಂಡ ಹಾಗೆ ಬರೆಯುವುದು ಅಭ್ಯಾಸ. ಎಲ್ಲವೂ ಹೊರಬಿದ್ದದ್ದು ಆ ಅಭ್ಯಾಸದಿಂದಲೇ.

ಕಾಫಿ ತಂದ ಹೆಂಡತಿ ವೆಂಕಟಮ್ಮ ಬಾಗಿಲಲ್ಲೇ ನಿಂತಳು. "ಇದೇನ್ರೀ ಇದು? ಬಾಕ್ಲು ಬುಟ್ಟು ಕಾಸಾಟಕ್ಕೆ ಕೂತವ್ರೆ!"

"ಸುಮ್ಕಿರು, ಲೆಕ್ಕ ತಪ್ತದೆ. ನೂರಾ ಆರು."

ಎರಡು ದಿನದಲ್ಲಿ ಇನ್ನೂರು ಜೋಡಿ ಮುಗಿಯಿತು, ಅಂದರೆ ನಾನೂರು ಎಸೆತ. ಸಿಂಹ ಇನ್ನೂರ ಏಳು, ಅಂಕಿ ನೂರ ತೊಂಬತ್ಮೂರು. ನೆಟ್ಟಗಿರುವ ನಾಣ್ಯವನ್ನು ನೆಟ್ಟಗಿರುವ ಕೈ ನಾನೂರು ಸಲ ಎಸೆದರೆ ಇನ್ನೂರರಿಂದ ಹತ್ತು ಆಚೆ, ಹತ್ತು ಈಚೆ ಹೋಗುವುದು ತೀರ ಸಹಜ. ಮಂಜುನಾಥನಿಗೆ ಅದನ್ನು ಲೆಕ್ಕ ಹಾಕುವ ಸೂತ್ರ ಗೊತ್ತಿರಲಿಲ್ಲ. ನೋಡಿದರೆ ಅರ್ಧಕ್ಕೆ ಅರ್ಧ ಇದೆ, ಇಷ್ಟು ಸಾಕು ಅನ್ನಿಸಿತು. ಎದೆಯ ಮೇಲಿದ್ದ ತೊಲೆ ಇಳಿಸಿದಂತಾಯಿತು. ಸೋಮವಾರ ಈ ಹಲಗೆಯನ್ನೇ ಹೊತ್ತುಕೊಂಡು ಹೋದರಾಯಿತು. ಇನ್ನು ಉಳಿದದ್ದು, ಇದೇ ಎಸೆತಗಳನ್ನು ಏರಿಯ ಮೇಲೆ ಎಸೆದಿದ್ದರೆ ಯಾವ ತೂಬಿಗೆ ಎಷ್ಟು ಬರುತ್ತಿತ್ತು ಎಂದು ಕೆಳಗೆ ಬರೆಯುವುದಷ್ಟೆ.

ಸಿಂಹ-ಸಿಂಹ ಐವತ್ನಾಲ್ಕು: ಮೇಲ್ತೂಬು. ಅಂಕಿ-ಅಂಕಿ ನಲವತ್ತೇಳು: ಕೋಡಿತೂಬು. ಸಿಂಹ-ಅಂಕಿ ನಲವತ್ತೇಳು, ಅಂಕಿ-ಸಿಂಹ ಐವತ್ತೆರಡು, ಕೂಡಿದರೆ ತೊಂಬತ್ತೊಂಬತ್ತು: ನಡುತೂಬು.

ಪೆನ್ಸಿಲು ನಿಂತಿತು.

ತಪ್ಪು ಗೀಟು ಹಾಕಿದೆನೇನೋ ಎಂದು ಮತ್ತೆ ಎಣಿಸಿದ. ಅಷ್ಟೇ. ವೆಂಕಟಮ್ಮನನ್ನು ಕೂಗಿ, ಅವಳ ಸೆರಗಿನ ಗಂಟಿನಲ್ಲಿದ್ದ ಎರಡು ರೂಪಾಯಿಯನ್ನೇ ಅವಳ ಕೈಲಿ ನೂರು ಜೋಡಿ ಎಸೆಸಿದ. ಬೇರೆ ಕೈ, ಬೇರೆ ನಾಣ್ಯ. ಇಪ್ಪತ್ನಾಲ್ಕು, ಇಪ್ಪತ್ತೇಳು, ಇಪ್ಪತ್ತೈದು, ಇಪ್ಪತ್ನಾಲ್ಕು ಎಂದು ನಾಲ್ಕೂ ಮನೆ ಹೆಚ್ಚುಕಡಿಮೆ ಸಮ. ನಡುತೂಬಿಗೆ ಮತ್ತೆ ನೂರಕ್ಕೆ ಐವತ್ತೆರಡು. ಎದ್ದು ಹೋಗಿ ಕೊಟ್ಟಿಗೆಯ ಬಾಗಿಲನ್ನು ಎಳೆದು ಒಳಮೈ ನೋಡಿದ. ಇಪ್ಪತ್ತೆಂಟು ಸಲದಲ್ಲಿ ಮೇಲ್ತೂಬು ಏಳು, ಕೋಡಿತೂಬು ಆರು, ನಡುತೂಬು ಹದಿನೈದು. ವರ್ಷಕ್ಕೊಂದು ಸಾಲು ತಾನೇ ಬರೆದದ್ದು. ಒಂದು ದಿನವೂ ಕೂಡಿ ನೋಡಿರಲಿಲ್ಲ.

ಹಲಗೆಯ ಮುಂದೆ ಕೂತು ಅವನು ಕೊಯ್ಯುವವನ ಹಾಗೆ ಯೋಚಿಸಿದ. ಒಂದು ಎಸೆತ ಎಂದರೆ ಹಲಗೆಯನ್ನು ಸರಿಯಾಗಿ ನಡುವೆ ಸೀಳಿದ ಹಾಗೆ. ಅರ್ಧ ಸಿಂಹ, ಅರ್ಧ ಅಂಕಿ. ಎರಡನೆಯ ಎಸೆತಕ್ಕೆ ಆ ಎರಡು ಅರ್ಧಗಳನ್ನೂ ಮತ್ತೆ ನಡುವೆ ಸೀಳಬೇಕು. ಕೊನೆಗೆ ಕೈಯಲ್ಲಿ ಎಷ್ಟು ಪಟ್ಟಿ? ಮೂರಲ್ಲ, ನಾಲ್ಕು. ನಾಲ್ಕೂ ಒಂದೇ ಅಗಲ. ಮೇಲ್ತೂಬಿಗೆ ಒಂದು ಪಟ್ಟಿ, ಕೋಡಿತೂಬಿಗೆ ಒಂದು. ಸಿಂಹ-ಅಂಕಿಯ ಪಟ್ಟಿಯನ್ನೂ ಅಂಕಿ-ಸಿಂಹದ ಪಟ್ಟಿಯನ್ನೂ ಅಕ್ಕಪಕ್ಕ ಇಟ್ಟು ಒಂದೇ ಎಂದು ಎಣಿಸಿ, ಎರಡನ್ನೂ ನಡುತೂಬಿಗೆ ಕೊಟ್ಟಿದ್ದರು. ಫಲ ಮೂರು ಬಗೆ, ತೂಬು ಮೂರು, ಸರಿಹೋಯಿತು ಎಂದುಕೊಂಡ ಅಜ್ಜ. ಅಲ್ಲಿಂದ ಅರವತ್ತು ವರ್ಷ ನಡುತೂಬಿಗೆ ಎರಡು ಪಾಲು.

ಊರವರು ಇದನ್ನು ಗಮನಿಸದೆ ಇರಲಿಲ್ಲ. ನಡುತೂಬಿನ ಪಕ್ಕದ ಕಲ್ಲೊಂದಕ್ಕೆ ಅರಿಶಿನ ಕುಂಕುಮ ಹಚ್ಚಿ ತೂಬಮ್ಮ ಎಂದರು; ಅಮ್ಮನ ಕೃಪೆಯಿಂದಲೇ ಅವರ ಸರದಿ ಮುಂದಾಗುತ್ತದೆ ಎಂದರು. ಕೋಡಿತೂಬಿನವರು ಸುಮ್ಮನಿರದೆ ಹೊಳೆಯಿಂದ ಇನ್ನೂ ದೊಡ್ಡ ಕಲ್ಲು ತಂದು ನಿಲ್ಲಿಸಿದರು. ಅದಕ್ಕೆ ವರ್ಷಕ್ಕೆ ಹನ್ನೊಂದು ತೆಂಗಿನಕಾಯಿ ಒಡೆದರೂ ಫಲ ಸಿಕ್ಕಿರಲಿಲ್ಲ.

ಭಾನುವಾರ ಸಂಜೆ ವೆಂಕಟಮ್ಮ ಎಲ್ಲ ಕೇಳಿ ಒಂದೇ ಮಾತು ಹೇಳಿದಳು. "ಕೈ ನೆಟ್ಟಗೈತಾ ಅಂತ ತಾನೆ ಅವ್ರು ಕೇಳಿದ್ದು? ಐತೆ. ಅಷ್ಟ್ ಏಳಿ ಬಂದ್ಬುಡಿ. ಮಿಕ್ಕಿದ್ನ ಯಾರ್ ಕೇಳಿದ್ರು?"

"ಯಾರೂ ಕೇಳ್ನಿಲ್ಲ. ಮಾಕವಳ್ಳಿಯೋರೂ ಕೇಳಿರ್ನಿಲ್ಲ."

"ಕರಿಯಪ್ಪ ಬಾಕ್ಲು ಬ್ಯಾಡ ಅಂದ್ಬುಟ್ರೆ?"

"ಅಂದ್ರೆ ಅನ್ಲಿ. ಮರ ಅವ್ನದೇ, ಒತ್ಕೊಂಡೋಗ್ಲಿ."

ವೆಂಕಟಮ್ಮ ನಿಜವಾಗಿ ಚುಚ್ಚುತ್ತಿದ್ದುದನ್ನು ಕೇಳಿದಳು. "ಮಾವಯ್ಯ ಮಾಡಿದ್ದೂ ತಪ್ಪು ಅಂತ ಊರ್ ಮುಂದೆ ಏಳ್ತೀರಾ?"

ಮಂಜುನಾಥ ನಾಣ್ಯವನ್ನು ಡಬ್ಬಿಗೆ ಹಾಕಿ ಮುಚ್ಚಿದ. "ಅಪ್ಪನ್ ಕೈ ತಪ್ಪಲ್ಲ ಕಣೆ. ಲೆಕ್ಕ ತಪ್ಪು. ಅಪ್ಪ ಇದ್ದು, ಇದು ಕಂಡಿದ್ರೆ, ಈ ಅಲಗೆನ ಅವ್ರೇ ಒತ್ಕೊಂಡು ಓಗೋರು."

ಸೋಮವಾರ ಏರಿಯ ಮೇಲೆ ಹೋದ ವಾರಕ್ಕಿಂತ ಹೆಚ್ಚು ಜನ. ಮಂಜುನಾಥ ಹಲಗೆಯನ್ನು ಕಟ್ಟೆಗೆ ಒರಗಿಸಿ, ನೆಲದಲ್ಲಿ ನಾಲ್ಕು ಗೂಟ ಹೊಡೆದ. ಭಾಷಣ ಅವನಿಗೆ ಬಾರದು. "ನನ್ ಕೈ ಬ್ಯಾಡ. ಎಲ್ರೂ ನಿಮ್ ನಿಮ್ ಜೇಬಿಂದ ಕಾಸು ತೆಗೀರಿ. ಎರಡೆರಡ್ ಸಲ ಎಸೀರಿ. ಮೊದ್ಲು ಏನ್ ಬಂತು, ಆಮೇಲೆ ಏನ್ ಬಂತು ನೆನಪಿಟ್ಕಳಿ," ಎಂದ.

"ಲೇ, ನನ್ತಾವ ಫೋನ್‌ಪೇ ಮಾತ್ರ ಐತೆ ಕಣ್ಲಾ," ಎಂದು ಹಿಂದಿನಿಂದ ಯಾರೋ ಕೂಗಿದರು. ಚಿಕ್ಕಬೋರಮ್ಮ ತನ್ನ ಎಲೆಅಡಿಕೆ ಚೀಲದಿಂದ ಒಂದು ಹಿಡಿ ಚಿಲ್ಲರೆ ತೆಗೆದು ಹಂಚಿ, "ವಾಪಸ್ ಕೊಡ್ಬೇಕು, ನೆನಪಿರ್ಲಿ," ಎಂದಳು.

ನಲವತ್ತಾರು ಜನ ಎಸೆದರು. ಎರಡೂ ಸಿಂಹದವರು ಮೊದಲ ಗೂಟದ ಬಳಿ, ಸಿಂಹ-ಅಂಕಿಯವರು ಎರಡನೆಯದರ ಬಳಿ, ಅಂಕಿ-ಸಿಂಹದವರು ಮೂರನೆಯದರ ಬಳಿ, ಎರಡೂ ಅಂಕಿಯವರು ನಾಲ್ಕನೆಯದರ ಬಳಿ ನಿಂತರು. ಹನ್ನೆರಡು, ಹತ್ತು, ಹದಿನಾಲ್ಕು, ಹತ್ತು.

"ಈಗ ಈ ಎರಡ್ ನಡು ಗೂಟದೋರು ಕೂಡ್ಕಳಿ. ನೀವೆಲ್ಲ ನಡುತೂಬು," ಎಂದ ಮಂಜುನಾಥ.

ಇಪ್ಪತ್ನಾಲ್ಕು ಜನ ಒಂದು ಗುಂಪಾದರು. ಅವರ ಎಡಕ್ಕೆ ಹನ್ನೆರಡು, ಬಲಕ್ಕೆ ಹತ್ತು. ಹೇಳಬೇಕಾದದ್ದನ್ನು ಜನ ತಮ್ಮ ಕಾಲ ಮೇಲೆ ತಾವೇ ನಿಂತು ನೋಡಿದರು.

"ನನ್ ಕೈ ನೆಟ್ಟಗೈತೆ," ಎಂದ ಮಂಜುನಾಥ, ಹಲಗೆ ತೋರಿಸಿ. "ಕ್ರಮ ನೆಟ್ಟಗಿಲ್ಲ. ನಮ್ ತಾತನ್ ಕಾಲದಿಂದ ನಡುತೂಬಿಗೆ ಎರಡ್ ಪಾಲು, ನಿಮ್ಗೆ ಒಂದೊಂದು. ಹೊನ್ನಪ್ಪಣ್ಣ ವಾಸನೆ ಇಡ್ದಿದ್ದು ಸುಳ್ಳಲ್ಲ. ಮೂರೂ ತೂಬು ಸಮ ಇದ್ದಿದ್ರೆ ವರ್ಸಕ್ಕೆ ಮೂರ್ರಲ್ಲಿ ಒಂದು, ನಾಲ್ಕ್ ವರ್ಸ ನಡುತೂಬೇ ಬರಾದು ಎಂಬತ್ತೊಂದ್ರಲ್ಲಿ ಒಂದ್ ಸಲ. ಈ ಕ್ರಮದಲ್ಲಿ ವರ್ಸಕ್ಕೆ ಎಲ್ಡ್ರಲ್ಲಿ ಒಂದು, ನಾಲ್ಕ್ ವರ್ಸಕ್ಕೆ ಅದಿನಾರ್ರಲ್ಲಿ ಒಂದ್ ಸಲ. ಅಣ್ಣ ನನ್ ಕೈ ಮೇಲೆ ಅನುಮಾನ ಪಟ್ಟ, ಅದೊಂದೇ ಅವನ್ ತಪ್ಪು. ತಿಳೀದೆ ಮಾಡಿದ್ದು, ಆದ್ರೂ ಮಾಡಿದ್ದು ನಾವು. ತಪ್ಪಾಯ್ತು."

ಕರಿಯಪ್ಪನ ಮುಖ ಕಪ್ಪಿಟ್ಟಿತ್ತು. "ಅಂಗಾರೆ ತೂಬಮ್ಮನ ಕೃಪೆ?"

"ಕೃಪೆ ಎಲ್ಲ ಆ ಮೂರ್ನೇ ಗೂಟದ್ದು ಕಣೋ," ಎಂದಳು ಚಿಕ್ಕಬೋರಮ್ಮ. "ಕೋಡಿಯೋರು ವರ್ಸಕ್ಕೆ ಅನ್ನೊಂದ್ ಕಾಯಿ ದಂಡ ಮಾಡ್ಬುಟ್ರಲ್ಲಪ್ಪ! ಚಟ್ನಿಗಾದ್ರೂ ಆಗದು."

ನಗು ಏರಿಯ ಉದ್ದಕ್ಕೂ ಹರಿಯಿತು. ಹೊನ್ನಪ್ಪ ನಗಲಿಲ್ಲ. "ಅಂಗಾದ್ರೆ ಇನ್ನರವತ್ತು ವರ್ಸ ನಡುತೂಬಿಗೆ ಒಂದೇ ಒಂದ್ ಸಲಾನೂ ಬರ್ಬಾರ್ದು. ಇಸ್ಕೊಂಡಿದ್ದು ತೀರ್ಲಿ!"

"ಅದ್ನ ಕಾಸು ಮಾಡಾಕಿಲ್ಲ ಅಣ್ಣ. ಅದಕ್ಕೆ ಇಂದಿಂದು ನೆನಪಿರಾಕಿಲ್ಲ. ಸಮ ಮಾಡ್ಬೋದು, ಸೇಡು ತೀರ್ಸಾಕಾಗಲ್ಲ."

ಮಂಜುನಾಥ ಹೊಸ ಕ್ರಮ ಹೇಳಿದ. ಸಿಂಹ-ಸಿಂಹ ಮೇಲ್ತೂಬು, ಅಂಕಿ-ಅಂಕಿ ಕೋಡಿತೂಬು, ಸಿಂಹ ಮೊದಲು ಅಂಕಿ ಆಮೇಲೆ ಬಂದರೆ ನಡುತೂಬು. ನಾಲ್ಕನೆಯ ಪಟ್ಟಿ, ಅಂದರೆ ಅಂಕಿ ಮೊದಲು ಸಿಂಹ ಆಮೇಲೆ, ಯಾರಿಗೂ ಇಲ್ಲ. ಬಂದರೆ ಮತ್ತೆ ಎಸೆಯುವುದು.

"ಅದೇ ಬತ್ತಾ ಇದ್ರೆ? ಸಂಜೆಗಂಟ ಎಸೀತಾ ಕೂರಾದಾ?" ಎಂದ ಕರಿಯಪ್ಪ.

"ಒಂದ್ ಸಲ ಬರಾದು ನಾಲ್ಕ್ರಲ್ಲಿ ಒಂದು. ಎಲ್ಡ್ ಸಲ ಒಟ್ಟಿಗೆ ಬರಾದು ಅದಿನಾರ್ರಲ್ಲಿ ಒಂದು. ಮೂರ್ ಸಲ ಅರವತ್ನಾಲ್ಕ್ರಲ್ಲಿ ಒಂದು. ಅಷ್ಟೊತ್ಗೆ ವೆಂಕಟಮ್ಮ ಕಾಫಿ ತತ್ತಾಳೆ ಬುಡು."

ಕರಿಯಪ್ಪ ಬಹಳ ಹೊತ್ತು ಹಲಗೆಯ ಗೀಟುಗಳನ್ನೇ ನೋಡಿದ. ಅವನು ಕೆಟ್ಟವನಲ್ಲ, ದೇವರು ಕೊಟ್ಟದ್ದು ಎಂದುಕೊಂಡಿದ್ದನ್ನು ಬಡಗಿಯೊಬ್ಬ ಹಲಗೆಯ ಮೇಲೆ ಎಣಿಸಿ ಕಿತ್ತುಕೊಂಡರೆ ಯಾರಿಗಾದರೂ ಹೊತ್ತು ಬೇಕು. "ಆಯ್ತು," ಎಂದ ಕೊನೆಗೆ. "ಎರಡ್ ಪಾಲು ತಿಂದೋರು ಅನ್ನುಸ್ಕೊಂಡು ನೀರ್ ಕಟ್ಟಾಕೆ ನಂಗಾಗಲ್ಲ. ಓದ್ ವಾರದ್ದು ಬುಡ್ಲಿ. ಇವತ್ತು ಒಸ್ದಾಗಿ ಎಸೀಲಿ."

ಎಸೆಯುವುದು ಯಾರು? ಮಂಜುನಾಥ ಡಬ್ಬಿ ತೆರೆದು ನಾಣ್ಯವನ್ನು ಹಲಸಿನ ಮಣೆಯ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ಸರಿದು ನಿಂತ. ಹೊನ್ನಪ್ಪ ಬಂದು ನಾಣ್ಯ ಎತ್ತಿಕೊಂಡ. ಅಂಗೈಯಲ್ಲಿ ತೂಗಿದ, ಹೆಬ್ಬೆರಳಿನಿಂದ ಅದರ ಅಂಚು ಸವರಿದ. ಆಮೇಲೆ ಮಂಜುನಾಥನ ಕೈ ಹಿಡಿದೆಳೆದು, ಅದರೊಳಗೆ ನಾಣ್ಯವಿಟ್ಟು ಬೆರಳು ಮಡಿಸಿದ.

"ಇಡ್ಕಳ್ಳಾ. ನೀನೇ ಎಸಿ."

ಮೊದಲು ಅಂಕಿ, ಆಮೇಲೆ ಸಿಂಹ. ಯಾರಿಗೂ ಇಲ್ಲದ ಪಟ್ಟಿ. "ಕಾಫಿ ತರ್ಸ್ಲಾ ಆಚಾರಿ!" ಎಂದು ಯಾರೋ ಕೂಗಿದರು. ಮತ್ತೆ ಎಸೆದ. ಸಿಂಹ. ಇನ್ನೊಮ್ಮೆ. ನಾಣ್ಯ ಮಣೆಯ ಮೇಲೆ ತಿರುಗಿ ತಿರುಗಿ ಮಲಗಿತು: ಅಂಕಿ.

ನಡುತೂಬು.

ಕೇಕೆ ಹಾಕಲು ಕರಿಯಪ್ಪನ ಕಡೆಯವರಿಗೂ ಬಾಯಿ ಬರಲಿಲ್ಲ. ಎಲ್ಲರ ಕಣ್ಣು ಹೊನ್ನಪ್ಪನ ಮೇಲೆ. ಅವನು ಬಗ್ಗಿ ಮೊದಲು ನಾಣ್ಯ ನೋಡಿದ, ಆಮೇಲೆ ತೇಗದ ಹಲಗೆ ನೋಡಿದ. ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡ.

"ಈಗ ಬಂದಿದ್ದು ನ್ಯಾಯವಾಗ್ ಬಂತು. ತೆಗೀರ್ಲಾ ತೂಬ್ನ, ಏನ್ ನೋಡ್ತಾ ನಿಂತಿದ್ದೀರಿ."

ಉಳಿದ ಎರಡರ ಎಸೆತದಲ್ಲಿ ಕೋಡಿತೂಬು ಎರಡನೆಯದಾಯಿತು. ಕರಿಯಪ್ಪನ ಬಾಗಿಲುಗಳು ದೀಪಾವಳಿಗೆ ಮುಂಚೆ ಕೂತವು. ಏಳರಲ್ಲಿ ಒಂದು ಬಾಗಿಲಿನ ಮೇಲ್ಪಟ್ಟಿಗೆ ಮಂಜುನಾಥ ಆ ಗೀಟಿನ ಹಲಗೆಯನ್ನೇ ಉಜ್ಜಿ ಬಳಸಿದ. ಮರ ಕರಿಯಪ್ಪನದೇ ಆಗಿತ್ತಲ್ಲ. ಕೊಟ್ಟಿಗೆಯ ಬಾಗಿಲಿನ ಒಳಮೈಯಲ್ಲಿ ಹಳೆಯ ಸಾಲುಗಳನ್ನು ಅಳಿಸಲಿಲ್ಲ. ಕೆಳಗೆ ಒಂದು ಗೆರೆ ಎಳೆದು, ಮೂರರ ಬದಲು ನಾಲ್ಕು ಮನೆ ಮಾಡಿ, ಹೊಸದಾಗಿ ಒಂದನೆಯದರಿಂದ ಬರೆದ.

ಸುಗ್ಗಿಯಲ್ಲಿ ಕೋಡಿತೂಬಿನ ಹೊರೆಯನ್ನು ಹೊನ್ನಪ್ಪ ಬೇರೆ ಯಾರ ಕೈಲೂ ಕಳಿಸದೆ ತಾನೇ ಹೊತ್ತು ತಂದ. ಇಳಿಸಿ ಬೆವರು ಒರೆಸಿಕೊಂಡು, ಕೊಟ್ಟಿಗೆಯ ಬಾಗಿಲ ಮೇಲಿನ ಹೊಸ ಸಾಲನ್ನು ಬೆರಳಿಟ್ಟು ಓದಿದ.

"ಆಚಾರಿ, ಮುಂದಿನ್ ವರ್ಸ ನಮ್ ತೂಬು ಮುಂದ್ ಬರಾದು ಎಷ್ಟ್ರಲ್ಲಿ ಎಷ್ಟು?"

"ಮೂರ್ರಲ್ಲಿ ಒಂದು."

"ಈ ವರ್ಸ ಬರ್ನಿಲ್ವಲ್ಲ. ಒಸಿ ಜಾಸ್ತಿ ಇರ್ಬೇಕಲ್ವಾ?"

"ಮೂರ್ರಲ್ಲಿ ಒಂದು ಕಣಣ್ಣ."

"ಥೂ ನಿನ್ನ. ಇಷ್ಟ್ ದೂರ ಒರೆ ಒತ್ಕೊಂಡ್ ಬಂದಿವ್ನಿ, ಒಂದ್ ಚೂರಾದ್ರೂ ಎಚ್ಚು ಮಾಡ್ಬಾರ್ದಾ?"

ಮಂಜುನಾಥ ಕಿವಿಯ ಮೇಲಿದ್ದ ಪೆನ್ಸಿಲು ತೆಗೆದು, ಅವನು ಕೂರಲೆಂದು ಮಣೆ ಸರಿಸಿ, ಅರ್ಧಕ್ಕೆ ನಿಂತಿದ್ದ ಅಳತೆಯನ್ನು ಮತ್ತೆ ಮೊದಲಿನಿಂದ ತೆಗೆಯತೊಡಗಿದ.